ವರಿ ಕೊಟ್ಟವರ ಮಕ್ಕಳು

ಆ ಮೂರು ದಿನಗಳ ಬಗ್ಗೆ ನಾನು ಈವರೆಗೆ ಮೂರು ಕಡೆ ಹೇಳಿದ್ದೇನೆ. ಪೊಲೀಸರಿಗೆ, ಇಲಾಖೆಯ ವಿಚಾರಣೆಗೆ, ಮನೆಯಲ್ಲಿ ಗಂಡನಿಗೆ. ಮೂರೂ ಒಂದೇ ಥರ ಇಲ್ಲ. ಬೇಕೆಂದು ಸುಳ್ಳು ಸೇರಿಸಿದ್ದಲ್ಲ. ಹೇಳಿದಷ್ಟು ಸಲವೂ ಯಾವುದೋ ಒಂದು ತುಂಡು ಜಾಗ ಬಿಟ್ಟು ಸರಿದಿರುತ್ತದೆ. ಎಂ.ಎ.ಯಲ್ಲಿ ಇತಿಹಾಸ ಓದುವಾಗ ಸಾಕ್ಷಿ ಎಲ್ಲಿ ನಿಂತಿದ್ದ ಎಂದು ಮೊದಲು ಕೇಳಿ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇಲ್ಲಿ ಸಾಕ್ಷಿ ನಾನೇ. ಆದ್ದರಿಂದ ನಾನು ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಬರೆಯಲು ಪ್ರಯತ್ನಿಸುತ್ತೇನೆ.

ನಾನು ಮುಖ್ಯ ಶಿಕ್ಷಕಿಯಾಗಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಿಟ್ಟೂರಿನಿಂದ ಆಟೋ ಹಿಡಿದು ಹೋಗುವಷ್ಟು ದೂರದ ಒಂದು ಹಳ್ಳಿಯಲ್ಲಿದೆ. ಮನೆ ತುಮಕೂರಿನ ಬಟವಾಡಿಯಲ್ಲಿ. ನಮ್ಮ ಶಾಲೆಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಅನುಮತಿ ಬಂತು. ಅದಕ್ಕೆಂದು ಹೊಸ ಶಿಕ್ಷಕರು ಬರಲಿಲ್ಲ. ತರಗತಿಗಳೆಲ್ಲ ಸೇರಿ ಒಂದು ಕೋಣೆ, ಮೂವತ್ತು ಮಕ್ಕಳು, ನಾವೇ ಹುಡುಕಿಕೊಂಡ ಒಬ್ಬ ಅತಿಥಿ ಶಿಕ್ಷಕ. ಅವನಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಅವರು ಕೊಬ್ಬರಿ ವ್ಯಾಪಾರಿ, ಲೆಕ್ಕದಲ್ಲಿ ಚುರುಕು.

"ಗುಬ್ಬಿಲಿ ಪ್ರೈವೇಟ್ ಸ್ಕೂಲ್ಗೆ ಎಷ್ಟು ಸುರೀತಾರೆ ಗೊತ್ತಾ ಮೇಡಂ? ಅದ್ರಲ್ಲಿ ಕಾಲ್ಭಾಗ ನಮಗೆ ಕೊಟ್ರೆ ಸಾಕು. ನಮ್ಮೂರ ಮಕ್ಳಿಗೆ ಫ್ರೀ. ಮಿಕ್ಕಿದ್ ಸೀಟು ಹೊರಗಿನೋರ್ಗೆ."

ಸರ್ಕಾರಿ ಶಾಲೆಯಲ್ಲಿ ಫೀಸು ತೆಗೆದುಕೊಳ್ಳುವಂತಿಲ್ಲ. ನಾನು ಬ್ಲಾಕ್ ಕಚೇರಿಯಲ್ಲಿ ಕೇಳಿದೆ. ಸಮಿತಿಗೆ ಸ್ವಂತ ಇಷ್ಟದಿಂದ ಕೊಟ್ಟ ದೇಣಿಗೆಯನ್ನು ರಶೀದಿ ಹಾಕಿ ಪಡೆಯಬಹುದು ಎಂಬ ಉತ್ತರ ಬಂತು. ಆಮೇಲೆ ರಶೀದಿಯಲ್ಲಿ ದೇಣಿಗೆ, ಬಾಯಲ್ಲಿ ಫೀಸು. ಗುಬ್ಬಿ, ನಿಟ್ಟೂರು ಕಡೆಯ ಮಕ್ಕಳು ಒಂದು ವ್ಯಾನಿನಲ್ಲಿ ಬರತೊಡಗಿದರು. ಅವರ ಅಪ್ಪ ಅಮ್ಮಂದಿರಿಗೆ ಅಧ್ಯಕ್ಷರು ಕೊಟ್ಟ ಮಾತು ಒಂದೇ: ಮೂವತ್ತರ ಮೇಲೆ ಒಂದು ತಲೆಯೂ ಇಲ್ಲ. ಅವರು ದುಡ್ಡು ಕೊಡುತ್ತಿದ್ದದ್ದೇ ಆ ಮೂವತ್ತಕ್ಕೆ.

ಇನ್ನು ಊರವರು ಯಾರು, ಹೊರಗಿನವರು ಯಾರು ಎಂದು ತೀರ್ಮಾನಿಸಬೇಕಿತ್ತು. ನಾನು ರೇಷನ್ ಕಾರ್ಡ್ ನೋಡೋಣ ಎಂದೆ. ಅಧ್ಯಕ್ಷರು ನಕ್ಕರು. "ಕಾರ್ಡು ಗುಬ್ಬಿಲೂ ಮಾಡಿಸ್ಕತಾರೆ, ಬೆಂಗ್ಳೂರಲ್ಲೂ ಮಾಡಿಸ್ಕತಾರೆ. ಅದ್ನ ನಂಬ್ಕಂಡ್ರೆ ಕೆಟ್ರಿ. ವರಿ ಕೊಡೋನು ಊರೋನು. ಕೊಡದೋನು ಹೊರಗಿನೋನು. ಅಷ್ಟೇ."

ವರಿ ಎಂದರೆ ಊರ ದೇವರ ಕೆಲಸಕ್ಕೆ ಮನೆಗಿಷ್ಟು ಎಂದು ಎತ್ತುವ ಹಣ. ಮೊತ್ತ ಸಣ್ಣದು. ಆದರೆ ಅದನ್ನು ಕೊಟ್ಟ ಮನೆ ಮಾತ್ರ ಊರಿನ ಒಕ್ಕಲು. ಸತ್ತರೆ ಹೆಗಲು ಕೊಡಲು ಜನ ಬರುವುದು, ಜಗಳವಾದರೆ ಪಂಚಾಯ್ತಿಗೆ ಕರೆಯುವುದು ಒಕ್ಕಲಿಗೆ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೆ ವರಿಯೂ ಬೇರೆ. ಇದನ್ನು ಶಾಲೆಯ ಸೀಟಿಗೂ ಹಚ್ಚಬಹುದೆಂದು ನನಗೆ ತೋಚಿರಲಿಲ್ಲ. ತೋಚಿದ ಮೇಲೆ ಸುಲಭವೆನಿಸಿತು. ಯಾರೂ ತಕರಾರು ಮಾಡಲಿಲ್ಲ. ಎರಡು ವರ್ಷ ಹಾಗೇ ನಡೆಯಿತು.

ಮೂರನೇ ವರ್ಷ ಜೂನ್‌ನಲ್ಲಿ ಒಬ್ಬ ಗಾರೆ ಕೆಲಸದವನು ಹೆಂಡತಿ ಮಗಳೊಡನೆ ಬಂದ. ಇದೇ ಊರಿನವನು. ಮದುವೆಯಾಗಿ ಅಣ್ಣನಿಂದ ಬೇರೆಯಾದ ಮೇಲೆ ಹೆಂಡತಿಯ ಊರಾದ ಕುಣಿಗಲ್ಲಿಗೆ ಹೋಗಿ ಕೆಲವು ವರ್ಷ ಅಲ್ಲೇ ದುಡಿದಿದ್ದ. ಯುಗಾದಿ ಕಳೆದ ಮೇಲೆ ವಾಪಸಾಗಿ ತನ್ನ ಪಾಲಿಗೆ ಬಂದ ಎರಡು ಅಂಕಣದ ಮನೆಗೆ ಹೊಸ ಶೀಟು ಹೊದಿಸಿದ್ದ. ಶಾಲೆಯ ಗೇಟಿನ ಎದುರು ಸಾಲಿನ ಕೊನೆಯ ಮನೆ ಅದು. ಸಿಮೆಂಟು ತಿಂದ ಬೆರಳುಗಳಲ್ಲಿ ಮಗಳ ಜನನ ಪತ್ರ ಹಿಡಿದು ನಿಂತಿದ್ದ. ಹುಡುಗಿ ಅಮ್ಮನ ಸೆರಗಿನ ಹಿಂದಿನಿಂದ ಇಂಗ್ಲಿಷ್ ವಿಭಾಗದ ಬಣ್ಣದ ಗೋಡೆಯನ್ನೇ ನೋಡುತ್ತಿದ್ದಳು.

"ಇಂಗ್ಲಿಷ್‌ಗೆ ಹಾಕ್ಕಳಿ ಮೇಡಂ."

"ಮೂವತ್ತು ಆಗಿಹೋಗಿದೆಯಲ್ಲಪ್ಪ. ಕನ್ನಡ ವಿಭಾಗದಲ್ಲಿ ಜಾಗ ಇದೆ."

ಅವನು ಕಿಟಕಿಯಿಂದ ಒಳಗೆ ಇಣುಕಿದ. "ಆ ವ್ಯಾನಲ್ಲಿ ಬತ್ತಾವಲ್ಲ, ಅವು ಯಾರ ಮಕ್ಳು?"

"ಗುಬ್ಬಿ ಕಡೆಯವರು."

"ಗುಬ್ಬಿಯೋರ್ ಮಕ್ಳು ಒಳಗೆ, ನಮ್ಮೂರ್ ಮಗು ಆಚೆ." ಅವನ ದನಿಯಲ್ಲಿ ಆಗ ಸಿಟ್ಟಿರಲಿಲ್ಲ. ತಾನೇ ತಪ್ಪು ಕೇಳಿಸಿಕೊಂಡನೇನೋ ಎಂಬಂತೆ ಕೇಳಿದ. ಶನಿವಾರ ಸಮಿತಿ ಸಭೆಯಿದೆ, ಬಂದು ಕೇಳಿಕೋ ಎಂದೆ.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಸಭೆ. ಅಧ್ಯಕ್ಷರು, ನಾಲ್ಕು ಜನ ಸದಸ್ಯರು, ನಾನು, ಅತಿಥಿ ಶಿಕ್ಷಕ. ಆಚೆ ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಅಡುಗೆಯಾಕೆ ಪಾತ್ರೆ ಉಜ್ಜುತ್ತಿದ್ದಳು. ಗಾರೆಯವನು ನೀಲಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದ.

"ಏನ್ಲಾ, ಈಗ ನೆನಪಾಯ್ತಾ ಊರು?" ಎಂದರು ಅಧ್ಯಕ್ಷರು.

"ಮರ್ತಿದ್ದು ಯಾವಾಗಣ್ಣ? ದುಡಿಯಕ್ಕೆ ಹೋಗಿದ್ದೆ."

"ವರಿ ಕೊಟ್ಟಿದ್ಯಾ?"

"ನಮ್ಮಣ್ಣ ಕೊಡ್ತಿದ್ನಲ್ಲ."

"ಅವ್ನು ಅವನ್ದು ಕೊಟ್ಟವ್ನೆ. ಒಲೆ ಬೇರೆ ಮಾಡ್ಕಂಡ್ಮೇಲೆ ನಿನ್ ವರಿ ಬೇರೆ ಕಣೋ. ನೀನೀಗ ಒಕ್ಕಲಲ್ಲ."

"ಕೇಳಿದ್ರೆ ಕೊಡ್ತಿರ್ನಿಲ್ವಾ? ಯಾರಾನ ಬಂದು ಕೇಳುದ್ರಾ?" ಅವನು ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. "ಇಕಳಿ. ಹಿಂದಿಂದು ಮುಂದಿಂದು ಎಲ್ಲಾ ಸೇರ್ಸಿ ಇಕಳಿ."

ಇಲ್ಲಿ ಅಧ್ಯಕ್ಷರು ಹಣ ತೆಗೆದುಕೊಂಡಿದ್ದರೆ ಮುಂದಿನದ್ದು ಏನೂ ಇರುತ್ತಿರಲಿಲ್ಲ. ಆದರೆ ಆಗ ಅವನು ಊರವನಾಗುತ್ತಿದ್ದ, ಮೂವತ್ತರಲ್ಲಿ ವ್ಯಾನಿನ ಒಂದು ಮಗುವನ್ನು ಇಳಿಸಬೇಕಾಗುತ್ತಿತ್ತು. ಅದು ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು.

"ಇದ್ನ ವರಿ ಅಂತ ಇಸ್ಕಳಾಕಾಗಲ್ಲ," ಎಂದರು ಅಧ್ಯಕ್ಷರು. "ಹೊರಗಿನೋರ ಫೀಸು ಅಂತ ಕೊಡು. ಮೇಡಂ ರಶೀದಿ ಹಾಕ್ತಾರೆ. ಸೀಟು ಮುಂದಿನ್ ವರ್ಷ."

ಯಾರೋ ನಕ್ಕರು. ಅಧ್ಯಕ್ಷರು ನೋಟುಗಳನ್ನು ಹಿಂಗೈಯಿಂದ ಮೇಜಿನಾಚೆ ತಳ್ಳಿದರು. ಗಾಳಿಗೆ ಅವು ಜಗಲಿ ದಾಟಿ ನಲ್ಲಿಯ ಕೆಸರಿಗೆ ಬಿದ್ದವು. ಅವನು ಇಳಿದು ಹೋಗಿ ಬಗ್ಗಿ ಒಂದೊಂದಾಗಿ ಆರಿಸಿಕೊಂಡ.

"ಬಗ್ಗಿ ಎತ್ಕಳಾದು ಗಾರೆಯೋನ್ಗೆ ರೂಢಿ ಬುಡು," ಎಂದ ಒಬ್ಬ ಸದಸ್ಯ.

ಅವನು ಜಗಲಿ ಹತ್ತಿ ಬಂದು ಅಧ್ಯಕ್ಷರ ಕೆನ್ನೆಗೆ ಹೊಡೆದ. ಅಂಗೈಯಲ್ಲೋ ಮುಷ್ಟಿಯಲ್ಲೋ ಎಂದು ಪೊಲೀಸರು ಆಮೇಲೆ ಕೇಳಿದರು. ನನಗೆ ಗೊತ್ತಿಲ್ಲ. ಸದ್ದು ಕೇಳಿತು, ಅಧ್ಯಕ್ಷರ ಕನ್ನಡಕ ನನ್ನ ಕಾಲ ಬಳಿ ಬಿತ್ತು.

ಮುಂದೆ ನಡೆದದ್ದನ್ನು ಮಾತ್ರ ನಾನು ತೀರಾ ಹತ್ತಿರದಿಂದ ನೋಡಿದೆ. ನಾಲ್ವರು ಸೇರಿ ಅವನನ್ನು ನಲ್ಲಿಯ ಕಟ್ಟೆಗೆ ಎಳೆದುಕೊಂಡು ಹೋದರು. ಒಬ್ಬ ಕೂದಲು ಹಿಡಿದು ಮುಖವನ್ನು ಕಟ್ಟೆಯ ಅಂಚಿಗೆ ಒತ್ತಿದ. ಅಧ್ಯಕ್ಷರು ಕನ್ನಡಕವಿಲ್ಲದೆ ಇಳಿದು ಬಂದು ಪಕ್ಕೆಗೆ ಒದ್ದರು. ಮೊದಲನೆಯ ಒದೆ ಗುರಿ ತಪ್ಪಿ ನಲ್ಲಿಯ ಕೊಳವೆಗೆ ಬಿತ್ತು, ಎರಡನೆಯದು ತಪ್ಪಲಿಲ್ಲ. ಅಡುಗೆಯಾಕೆಯ ಕೈಯಿಂದ ಸೌಟು ಕಿತ್ತುಕೊಂಡು ಒಬ್ಬ ಬೀಸಿದ. ಅದು ಕಿವಿಗೆ ತಗುಲಿ ಕಿವಿಯ ಕೆಳತುದಿ ಹರಿಯಿತು. ನಾನು ನಡುವೆ ಹೋದೆ. ಯಾರದ್ದೋ ಮೊಣಕೈ ಎದೆಗೆ ಬಡಿದು ಕೂತುಬಿಟ್ಟೆ. ಅತಿಥಿ ಶಿಕ್ಷಕ ನನ್ನನ್ನು ಎತ್ತುವಷ್ಟರಲ್ಲಿ ಅವರಿಗೇ ಸುಸ್ತಾಗಿತ್ತು. ಹೊಡೆಯುವವರಿಗೆ ಸುಸ್ತಾಗುವುದು, ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುವುದು, ಅದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ.

ಅವನು ಎದ್ದು ಬಾಯಲ್ಲಿದ್ದದ್ದನ್ನು ಉಗಿದು ಗೇಟು ದಾಟಿದ. ಎದುರಿನ ಮನೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅಡುಗೆಯಾಕೆ ಕಟ್ಟೆಗೆ ನೀರು ಸುರಿದು ಪೊರಕೆಯಿಂದ ತಿಕ್ಕಿದಳು. "ಸೋಮವಾರ ಮಕ್ಳು ಇಲ್ಲೇ ಅಲ್ವಾ ತಟ್ಟೆ ತೊಳ್ಯಾದು," ಎಂದಳು.

ಅವನು ದೂರು ಕೊಡಲಿಲ್ಲ. ಊರೊಳಗಿನದು ಊರೊಳಗೇ ಎಂದು ಅಧ್ಯಕ್ಷರು ಮನೆಮನೆಗೆ ಹೇಳಿ ಕಳುಹಿಸಿದ್ದರಂತೆ. ಇದು ಕೇಳಿದ ಮಾತು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲು ಮಾಡುವ ಮೊದಲು ಗಾಜು ಒಡೆದ ಸದ್ದು ಬಂತು. ನಾನು ಕಚೇರಿಯ ಕೋಣೆಯಲ್ಲಿದ್ದೆ, ಕಿಟಕಿಗೆ ಓಡಿದೆ. ಸ್ವಲ್ಪ ಹೊತ್ತಿಗೆ ವ್ಯಾನು ಮುಂದಿನ ಗಾಜಿಲ್ಲದೆ ಗೇಟಿನೊಳಗೆ ನುಗ್ಗಿತು. ಡ್ರೈವರ್ ಇಳಿದವನೇ ನೆಲಕ್ಕೆ ಕೂತ. "ಮೋರಿ ಹತ್ರ ಮೇಡಂ, ಮೋರಿ ಹತ್ರ," ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಊರಿಗೆ ಬರುವ ರಸ್ತೆಯಲ್ಲಿ ನೀರು ಹಾಯಲು ಕಟ್ಟಿದ ಕಿರುಸೇತುವೆ ಅದು. ಮಕ್ಕಳ ಕೂದಲಲ್ಲಿ ಗಾಜಿನ ಹರಳು. ಒಬ್ಬ ಹುಡುಗನ ಹಣೆ ಹುಬ್ಬಿನಿಂದ ಮೇಲಕ್ಕೆ ಸೀಳಿ ರಕ್ತ ಕಣ್ಣು ತುಂಬಿತ್ತು. ಅವನು ಅಳುತ್ತಿರಲಿಲ್ಲ. ತನಗೆ ಕಣ್ಣು ಹೋಯಿತು ಎಂದುಕೊಂಡಿದ್ದ. ನಾನು ಹತ್ತಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅವನ ಅಪ್ಪನಿಗೆ ಫೋನ್ ಮಾಡಿದೆ. ಅವರು ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದೆ. ಪೊಲೀಸರಿಗೆ ಮೊದಲು ಮಾಡಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಆದರೆ ಕೈಯಲ್ಲಿ ಅವರ ಮಗನ ಹಣೆ ಇತ್ತು.

ಅಂಗಡಿಯವರು ಪೊಲೀಸರಿಗಿಂತ ಮೊದಲು ಬಂದರು. ಮೂರೋ ನಾಲ್ಕೋ ಬೈಕು, ಪ್ರತಿಯೊಂದರಲ್ಲೂ ಇಬ್ಬರು. ಮಗನನ್ನು ಒಬ್ಬರ ಬೈಕಿನಲ್ಲಿ ಆಸ್ಪತ್ರೆಗೆ ಕಳಿಸಿ, "ಯಾವನ್ಲೇ ಅವ್ನು? ಮನೆ ಯಾವ್ದು?" ಎಂದು ಗೇಟಿನಲ್ಲಿ ಕೂಗಿದರು. ಯಾರೋ ಎದುರು ಸಾಲಿನ ಕೊನೆಯ ಮನೆಗೆ ಕೈ ತೋರಿಸಿದರು. ತೋರಿಸಿದವರು ಯಾರೆಂದು ಊರಲ್ಲಿ ಇವತ್ತಿಗೂ ಯಾರೂ ಹೇಳುವುದಿಲ್ಲ.

ಆ ಮನೆಯ ಮುಂದೆ ನಡೆದದ್ದನ್ನು ನಾನು ಗೇಟಿನಿಂದ, ಜನರ ಬೆನ್ನುಗಳ ಸಂದಿಯಿಂದ ನೋಡಿದೆ. ಕಿವಿಗೆ ಬಟ್ಟೆ ಸುತ್ತಿಕೊಂಡು ಬನಿಯನ್ನಿನಲ್ಲಿದ್ದವನನ್ನು ಹೊರಗೆಳೆದರು. ಹೆಲ್ಮೆಟ್ಟಿನಿಂದ ಹೊಡೆದರು. ಅವನ ಬೈಕು ಉರುಳಿಸಿ ಅದರ ಮೇಲೆ ಕಲ್ಲು ಎತ್ತಿ ಹಾಕಿದರು. ಹೆಂಡತಿ ಅಂಗಡಿಯವರ ಕೈ ಕಚ್ಚಿದಳು. ಅವರು ಅವಳನ್ನು ಗೋಡೆಗೆ ದೂಡಿದರು. ಹುಡುಗಿ ಒಳಗೆಲ್ಲೋ ಕಿರುಚುತ್ತಿದ್ದಳು. ಹೆಂಡತಿ ಗೋಡೆಗೆ ಬಿದ್ದಾಗ ಅವನು ಹೇಗೋ ಬಿಡಿಸಿಕೊಂಡು ಒಳಗೆ ಹೋಗಿ ಹಾರೆ ಹಿಡಿದು ಹೊರಬಂದ. ಪಾಯ ಅಗೆಯುವ, ಎದೆಯುದ್ದದ ಕಬ್ಬಿಣದ ಹಾರೆ. ಬೈಕಿನವರು ದಿಕ್ಕಾಪಾಲಾದರು. ಅಂಗಡಿಯವರೂ ಇನ್ನಿಬ್ಬರೂ ಹತ್ತಿರದ ಕಟ್ಟಡಕ್ಕೆ, ಅಂದರೆ ನಮ್ಮ ಶಾಲೆಗೆ ಓಡಿ ಬಂದರು.

ಹಾರೆ ಕಂಡೊಡನೆ ನಾನು ಗೇಟು ಬಿಟ್ಟು ಇಂಗ್ಲಿಷ್ ವಿಭಾಗದ ಕೋಣೆಗೆ ಓಡಿದ್ದೆ. ಸಣ್ಣ ಮಕ್ಕಳು ಹೊರಗೋಡಬಾರದೆಂದು ಊರಿನವು, ವ್ಯಾನಿನವು ಎಲ್ಲವನ್ನೂ ಅಲ್ಲೇ ಕೂಡಿಹಾಕಿದ್ದೆ. ಮೂವರು ಗಂಡಸರು ಒಳನುಗ್ಗಿ ಬಾಗಿಲು ಹಾಕಿ ಚಿಲಕ ಜಡಿದರು. ಅತಿಥಿ ಶಿಕ್ಷಕ ಅಂಗೈಗಳನ್ನು ಹಲಗೆಗೆ ಒತ್ತಿ ನಿಂತ.

"ಅವ್ನ ಆಚೆ ಬುಡಿ ಮೇಡಂ," ಎಂದಿತು ಹೊರಗಿನ ದನಿ. ಕೂಗಲಿಲ್ಲ. ಅದು ಕೂಗಿಗಿಂತ ಕೆಟ್ಟದಾಗಿತ್ತು. "ಮಕ್ಳಿಗೆ ಏನೂ ಮಾಡಲ್ಲ. ಅವ್ನೊಬ್ಬನ್ನ ಬುಡಿ."

"ಬಿಡಬೇಡಿ ಮೇಡಂ," ಎಂದರು ಅಂಗಡಿಯವರು. ಅವರು ಕಪ್ಪು ಹಲಗೆಯ ಕೆಳಗೆ, ಮಕ್ಕಳ ಹಿಂದೆ ಕೂತಿದ್ದರು. ಅವರ ಕೈಯಲ್ಲಿ ಹಲ್ಲಿನ ಗುರುತು ಅರ್ಧಚಂದ್ರಾಕಾರವಾಗಿ ಊದಿತ್ತು.

"ನೀವು ಮಕ್ಕಳ ಮುಂದೆ ಬಂದು ಕೂತ್ಕೊಳ್ಳಿ," ಎಂದೆ. ಅವರು ಅಲುಗಲಿಲ್ಲ.

ಮೊದಲ ಪೆಟ್ಟಿಗೆ ಮೇಲಿನ ತಿರುಗಣಿ ಕಿತ್ತಿತು. ಮಕ್ಕಳಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು. ನಾನು ಅವರಿಗೆ ಕಿವಿ ಮುಚ್ಚಿಕೊಳ್ಳಲು ಹೇಳಿದೆ. ಎಲ್ಲರೂ ಒಟ್ಟಿಗೆ ಮುಚ್ಚಿಕೊಂಡರು. ಮತ್ತೊಂದು ಪೆಟ್ಟು. ಆಮೇಲೆ ಹಾರೆಯ ಚೂಪು ತುದಿ ಹಲಗೆಯನ್ನು ಸೀಳಿ ಒಳಗೆ ಬಂತು. ಅತಿಥಿ ಶಿಕ್ಷಕನ ಬಲಗೈ ಅಲ್ಲೇ ಇತ್ತು. ಹಾರೆಗೂ ಬಾಗಿಲ ಅಡ್ಡಪಟ್ಟಿಗೂ ನಡುವೆ ಎರಡು ಬೆರಳು ಸಿಕ್ಕಿ ಮುರಿದ ಸದ್ದು ನನಗೆ ಕೇಳಿತು ಎಂದು ಪೊಲೀಸರಿಗೆ ನಾನು ಕೊಟ್ಟ ಹೇಳಿಕೆಯಲ್ಲಿದೆ. ಕೇಳಿರಲಾರದು. ಅಷ್ಟು ಗಲಾಟೆಯಲ್ಲಿ ಅಂಥ ಸಣ್ಣ ಸದ್ದು ಹೇಗೆ ಕೇಳೀತು? ಅವನು ಅರಚಿದ್ದು ಕೇಳಿತು, ಅದು ನಿಜ.

ಹೊರಗೆ ಹಾರೆ ನಿಂತಿತು. "ಯಾರ್ಗೆ ತಾಗ್ತು? ಮೇಡಂ, ಯಾರ್ಗೆ ತಾಗ್ತು?" ಎಂದು ಅವನು ಕೇಳಿದ. ಉತ್ತರ ಕೊಡುವ ಮೊದಲೇ ಅಲ್ಲಿ ಕಾಲುಗಳ ಸದ್ದು, ಬೈಗುಳ, ಏನೋ ಭಾರದ್ದು ಬಿದ್ದ ಸದ್ದು. ಅಧ್ಯಕ್ಷರ ಕಡೆಯವರು ಹಿಂದಿನಿಂದ ಬಂದು ಮಚ್ಚಿನ ಹಿಡಿಯಿಂದ ಅವನ ತಲೆಗೆ ಹೊಡೆದಿದ್ದರು. ಬಿದ್ದ ಮೇಲೆಯೂ ಹೊಡೆಯುತ್ತಿದ್ದರು. ನಾನು ಚಿಲಕ ತೆಗೆದು ಹೊರಗೆ ಬಂದೆ. ಆಮೇಲೆ ಏನಾಯಿತು ಎಂಬುದಕ್ಕೆ ಎರಡು ಆವೃತ್ತಿಗಳಿವೆ. ಅಡುಗೆಯಾಕೆ ಹೇಳುವುದು, ಮೇಡಂ ಹೋಗಿ ಅವನ ಮೇಲೆ ಅಡ್ಡ ಬಿದ್ದರು, ಅದಕ್ಕೇ ಅವನು ಉಳಿದ ಎಂದು. ನನಗೆ ನೆನಪಿರುವುದು ಇಷ್ಟೇ. ಒಂದು ಕಾಲಿನ ಚಪ್ಪಲಿ ಕಾಣದೆ ಬಗ್ಗಿ ಹುಡುಕುತ್ತಿದ್ದೆ, ಕೈಗೆ ಬೆಚ್ಚಗೆ ರಕ್ತ ತಾಗಿತು. ಪೊಲೀಸ್ ಜೀಪು ಬಂದದ್ದು ಆಗ.

ಅಂದೇ ಸಂಜೆ ಸಬ್ ಇನ್‌ಸ್ಪೆಕ್ಟರ್ ಶಾಲೆಯಲ್ಲಿ ಕೂತು ಬಾಯಿಮಾತಿನಲ್ಲಿ ಕೇಳಿಕೊಂಡರು. ವ್ಯಾನಿಗೆ ಹೊಡೆದವನು ಯಾರು ಎಂದಾಗ ನಾನು ತಡವರಿಸಲಿಲ್ಲ. "ಗಾರೆಯವನೇ. ಹಾರೆ ಎತ್ತಿದ್ದನ್ನು ನೋಡಿದೆ" ಎಂದೆ. ನನ್ನ ಕಣ್ಣೆದುರು ಚಿತ್ರ ಅಷ್ಟು ಸ್ಪಷ್ಟವಾಗಿತ್ತು: ಮೋರಿಯ ಮೇಲೆ ನೀಲಿ ಅಂಗಿ, ತಲೆಯ ಮೇಲೆತ್ತಿದ ಹಾರೆ, ವ್ಯಾನು. ಬರಹದ ಹೇಳಿಕೆಗೆ ಎರಡು ದಿನ ಬಿಟ್ಟು ಗುಬ್ಬಿಯ ಠಾಣೆಗೆ ಬನ್ನಿ ಎಂದರು.

ಮಧ್ಯದ ದಿನ ಅಧ್ಯಕ್ಷರು ಬಟವಾಡಿಯ ನಮ್ಮ ಮನೆಗೆ ಬಂದರು. ಕೆನ್ನೆ ಇನ್ನೂ ಊದಿತ್ತು. ಕಾಫಿ ಕುಡಿದರು, ನನ್ನ ಗಂಡನ ಕೆಲಸ ವಿಚಾರಿಸಿದರು. ಕೊನೆಗೆ ಹೇಳಿದರು, "ವ್ಯಾನಿಂದು ನೀವು ಕಣ್ಣಾರೆ ಕಂಡಿದೀರಿ. ಮಕ್ಳಿದ್ ವ್ಯಾನ್ಗೆ ಹೊಡ್ದಿದ್ದು ಅಂದ್ರೆ ಬೇಗ್ನೆ ಬೇಲಾಗಲ್ಲ. ಬಾಗ್ಲಿಂದು ಹೇಳಿ. ಶನಿವಾರದ್ದು ಮಾತ್ರ ಬ್ಯಾಡ."

"ಶನಿವಾರದ್ದು ಹೇಳದೆ ಸೋಮವಾರದ್ದು ಹೇಗೆ ಹೇಳೋದು?"

"ನೋಡಿ ಮೇಡಂ, ಇಂಗ್ಲಿಷ್ ಕ್ಲಾಸು ಉಳೀಬೇಕು ಅಂದ್ರೆ ಹೊರಗಿನೋರು ಇರ್ಬೇಕು. ಅವ್ರು ಇರ್ಬೇಕು ಅಂದ್ರೆ ಇವ್ನು ಒಳಗಿರ್ಬೇಕು. ನಮ್ಮೂರಿನ್ ಇಪ್ಪತ್ತೆರಡ್ ಮಕ್ಳು ಇಂಗ್ಲಿಷ್ ಕಲೀತಾವೆ. ಒಂದ್ ಕಡೆ ಅವು, ಒಂದ್ ಕಡೆ ಇವ್ನ ಮಗ್ಳು. ತೂಗ್ಕಳಿ."

ಅವರು ಹೋದ ಮೇಲೆ ತೂಗಿದೆ ಎಂದರೆ ಸುಳ್ಳಾಗುತ್ತದೆ. ಅವರ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಆ ಇಪ್ಪತ್ತೆರಡು ಮಕ್ಕಳಲ್ಲಿ ಅಡುಗೆಯಾಕೆಯ ಮೊಮ್ಮಗನೂ ಇದ್ದ. ನನ್ನನ್ನು ಕೊರೆದದ್ದು ಬೇರೆ ಒಂದು ಸಣ್ಣ ವಿಷಯ: ನೀಲಿ ಅಂಗಿ. ಸೋಮವಾರ ಅವನು ಬನಿಯನ್ನಿನಲ್ಲಿದ್ದ. ನೀಲಿ ಅಂಗಿ ಶನಿವಾರದ್ದು, ಸಭೆಗೆಂದು ಹಾಕಿಕೊಂಡು ಬಂದದ್ದು, ರಕ್ತವಾದದ್ದು. ಅದನ್ನೇ ಸೋಮವಾರ ಮತ್ತೆ ಹಾಕಿಕೊಂಡು ಮೋರಿಗೆ ಹೋಗಿ, ಅರ್ಧ ಗಂಟೆಯೊಳಗೆ ಬಿಚ್ಚಿಟ್ಟನೆ?

ಮರುದಿನ ಠಾಣೆಗೆ ಹೋಗುವ ಮೊದಲು ಶಾಲೆಗೆ ಹೋದೆ. ಕಚೇರಿಯ ಕಿಟಕಿಯಲ್ಲಿ ಸೋಮವಾರ ನಿಂತಿದ್ದ ಜಾಗದಲ್ಲೇ ನಿಂತೆ. ಮೋರಿ ಕಾಣುವುದಿಲ್ಲ. ನೀರಿನ ಟ್ಯಾಂಕಿನ ಕಂಬಗಳೂ ಅದರ ಬುಡದ ಪಂಪಿನ ಮನೆಯೂ ಪೂರ್ತಿ ಅಡ್ಡ. ಬಲಕ್ಕೆ ಬಗ್ಗಿದೆ, ಮೇಜಿನ ಮೇಲೆ ಹತ್ತಿದೆ. ವ್ಯಾನು ಗೇಟಿಗೆ ತಿರುಗುವವರೆಗೆ ಅದರ ಒಂದು ಚೂರೂ ಅಲ್ಲಿಂದ ಕಾಣಲು ಸಾಧ್ಯವಿರಲಿಲ್ಲ. ವರ್ಷಗಳಿಂದ ಆ ಕಿಟಕಿಯ ಪಕ್ಕ ಕೂತವಳು ನಾನು. ಡ್ರೈವರನ ಮಾತಿನಿಂದ ಮೋರಿ, ಬಾಗಿಲಿನಿಂದ ಹಾರೆ, ಶನಿವಾರದಿಂದ ಅಂಗಿ, ಮೂರನ್ನೂ ಹೊಲಿದು ಒಂದು ಘಟನೆ ಮಾಡಿ ಒಬ್ಬನ ಮೇಲೆ ಹೊರಿಸಿದ್ದೆ.

ಡ್ರೈವರನಿಗೆ ಫೋನ್ ಮಾಡಿದೆ. "ಯಾರು ಹೊಡೆದರು ನೋಡಿದೆಯಾ?"

"ಎಲ್ಲಿ ನೋಡ್ಲಿ ಮೇಡಂ. ಗಾಜು ಹೋಯ್ತು, ತಲೆ ಬಗ್ಗಿಸ್ದೆ. ಕಲ್ಲೋ ಹಾರೆನೋ ನಂಗೇನ್ ಗೊತ್ತು. ಎಲ್ರೂ ಅವ್ನೇ ಅಂದ್ರು, ಹೂಂ ಅಂದೆ."

ಅವನೇ ಹೊಡೆದಿರಬಹುದು. ವ್ಯಾನನ್ನು ಕಂಡರಾಗದ ಇನ್ಯಾರೋ ಹೊಡೆದಿರಬಹುದು. ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಠಾಣೆಯ ಹೊರಗೆ ಅತಿಥಿ ಶಿಕ್ಷಕ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ವಿಷಯ ಹೇಳಿದೆ. "ನನ್ ಬೆರಳು ಮುರಿದೋರು ಯಾರು ಅಂತ ನಂಗೊತ್ತು ಮೇಡಂ," ಎಂದ. "ಅದನ್ನೂ ಹೇಳ್ತೀನಪ್ಪ," ಎಂದೆ. ಅವನು ಮುಖ ತಿರುಗಿಸಿಕೊಂಡ. ಶನಿವಾರದ್ದನ್ನೂ ಹೇಳಿದರೆ ಹೊರಗಿನವರ ದೇಣಿಗೆ ನಿಂತು ಅವನ ಕೆಲಸ ಹೋಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಒಳಗೆ ಹೋಗಿ ಹೇಳಿಕೆ ಬರೆಸಿದೆ. ಶನಿವಾರ ನಲ್ಲಿಯ ಹತ್ತಿರ ಹೊಡೆದ ಐವರ ಹೆಸರು, ಅಧ್ಯಕ್ಷರನ್ನು ಮೊದಲಾಗಿಟ್ಟು. ಮೊದಲು ಕೈ ಮಾಡಿದ್ದು ಗಾರೆಯವನು ಎಂಬುದು. ವ್ಯಾನಿಗೆ ಹೊಡೆದವರನ್ನು ನೋಡಿಲ್ಲ ಎಂಬುದು. ಮನೆಯ ಮುಂದೆ ಅಂಗಡಿಯವರು, ಹೆಲ್ಮೆಟ್ಟು. ಬಾಗಿಲು, ಹಾರೆ, ಬೆರಳು. ಸಬ್ ಇನ್‌ಸ್ಪೆಕ್ಟರ್ ಪೆನ್ನು ಎತ್ತಿದರು. "ಸೋಮವಾರ ನೋಡಿದೆ ಅಂದ್ರಲ್ಲ ಮೇಡಂ?"

"ಅಂದೆ. ನೋಡಿರಲಿಲ್ಲ. ಕಿಟಕಿಯಿಂದ ಮೋರಿ ಕಾಣಲ್ಲ, ಬೇಕಾದರೆ ಬಂದು ನಿಂತು ನೋಡಿ."

ಅವರು ಬಂದು ನಿಂತು ನೋಡಿದರು.

ಇಂಗ್ಲಿಷ್ ತರಗತಿಯ ಮಟ್ಟಿಗೆ ಮುಂದಿನದ್ದು ಅಧ್ಯಕ್ಷರು ಹೆದರಿದಂತೆಯೇ ಆಯಿತು. ಅವರ ಮೇಲೂ ಅಂಗಡಿಯವರ ಮೇಲೂ ಕೇಸಾಗಿ ಇಬ್ಬರೂ ಜಾಮೀನಿನಲ್ಲಿ ಹೊರಬಂದರು. ಗಾರೆಯವನು ಆಸ್ಪತ್ರೆಯಿಂದ ಜೈಲಿಗೆ ಹೋದ. ಬಾಗಿಲಿನ ಪ್ರಕರಣವೊಂದೇ ಅದಕ್ಕೆ ಸಾಕಿತ್ತು. ಅಂಗಡಿಯವರ ಮೇಲೆ ನಾನೇ ಹೇಳಿಕೆ ಕೊಟ್ಟದ್ದು ತಿಳಿದು ವ್ಯಾನಿನ ಮಕ್ಕಳು ಎಲ್ಲರೂ ಟಿ.ಸಿ. ತೆಗೆದುಕೊಂಡರು. ಹಣೆಗೆ ಹೊಲಿಗೆ ಬಿದ್ದಿದ್ದ ಹುಡುಗ ತನ್ನ ಬಣ್ಣದ ಪೆನ್ಸಿಲುಗಳನ್ನು ಪಕ್ಕದವನಿಗೆ ಕೊಟ್ಟು ಹೋದ. ಅವರ ದೇಣಿಗೆ ನಿಂತು ಅತಿಥಿ ಶಿಕ್ಷಕ ತುಮಕೂರಿನ ಹತ್ತಿರದ ಕೋರದ ಕಡೆ ಒಂದು ಖಾಸಗಿ ಶಾಲೆ ಸೇರಿದ. ಇಂಗ್ಲಿಷ್ ವಿಭಾಗದ ಪಾಠವನ್ನು ಕಚೇರಿ ಕೆಲಸದ ನಡುವೆ ನಾನೇ ಮಾಡತೊಡಗಿದೆ. ಅದಕ್ಕೂ ನನ್ನ ಕನ್ನಡ ತರಗತಿಗೂ ನಡುವೆ ಓಡಾಡುತ್ತಾ ಎರಡನ್ನೂ ಅರ್ಧಂಬರ್ಧ ಕಲಿಸುತ್ತಿದ್ದೇನೆ. ಊರಿನ ಇಪ್ಪತ್ತೆರಡು ಮಕ್ಕಳಿಗೆ ನಾನು ಏನು ಮಾಡಿದೆ ಎಂದು ಅವರ ಅಮ್ಮಂದಿರು ಗೇಟಿನಲ್ಲಿ ಕೇಳಿಸುವಂತೆ ಮಾತಾಡಿಕೊಳ್ಳುತ್ತಾರೆ.

ಮಳೆ ಹಿಡಿದ ಒಂದು ಬೆಳಿಗ್ಗೆ ಗಾರೆಯವನ ಹೆಂಡತಿ ಮಗಳನ್ನು ಕರೆದುಕೊಂಡು ಕಚೇರಿಗೆ ಬಂದಳು. ಗಲಾಟೆಯ ನಂತರ ಹುಡುಗಿ ಶಾಲೆಯ ಕಡೆ ಬಂದಿರಲಿಲ್ಲ. ಕೂತ್ಕೊಳ್ಳಿ ಎಂದರೂ ಅವಳು ಕೂರಲಿಲ್ಲ.

"ಇಂಗ್ಲಿಷ್‌ಗೆ ಹಾಕ್ಕಳಿ."

"ಹಾಕ್ಕೋತೀನಿ ಕಣಮ್ಮ. ಈಗ ಜಾಗ ಬೇಕಾದಷ್ಟಿದೆ."

ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಹಣ ಇಟ್ಟಳು. ಹೊರಗಿನವರು ಕೊಡುತ್ತಿದ್ದಷ್ಟೇ.

"ಇದೇನು? ನಿಮಗೆ ಫೀಸಿಲ್ಲ. ನೀವು ಈ ಊರಿನವರು."

"ಹೊರಗಿನೋರು ಅಂತ ಬರ್ಕಳಿ."

"ಅದೆಲ್ಲ ನಿಂತುಹೋಯ್ತಮ್ಮ. ಹೇಗೂ ಸೀಟು ಖಾಲಿ ಇದೆ. ಸುಮ್ಮನೆ ಯಾಕೆ ಕೊಡ್ತೀರಿ?"

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಕುಣಿಗಲ್ಲಿನಲ್ಲಿ ಓಲೆ ಅಡವಿಟ್ಟು ಬಂದಿದ್ದಳು ಅನ್ನುವುದು ಬರಿಗಿವಿ ನೋಡಿ ನಾನು ಮಾಡಿಕೊಂಡ ಊಹೆ. ಕೇಳಲಿಲ್ಲ.

"ಊರೋಳು ಅಂತ ಸೇರ್ಸುದ್ರೆ ನಾಳಿಕ್ಕೆ ಇನ್ನೊಬ್ಬ ಬಂದು, ನೀನ್ಯಾವ ಊರೋಳು ಅಂತಾನೆ. ನಮ್ಮೋರು ಅದನ್ನೇ ಅಲ್ವಾ ಕೇಳಕ್ಕೋಗಿ ಒಳಗಿರಾದು. ದುಡ್ ಕೊಟ್ಟೋಳ್ನ ಯಾರೂ ಏನೂ ಕೇಳಾಕಿಲ್ಲ. ಆ ವ್ಯಾನಿನ್ ಮಕ್ಳ ಯಾವನಾನ ಒಂದಿನ ಕೇಳುದ್ನಾ? ರಶೀದಿ ಕೊಡಿ."

"ನಿಮ್ಮ ಯಜಮಾನರು ಬಂದಮೇಲೆ..."

"ಅವ್ರು ಬಂದ್ರೂ ಈ ಊರ್ಗೆ ವರಿ ಕೊಡಾಕಿಲ್ಲ ಮೇಡಂ. ಬರ್ಕಳಿ."

ಹುಡುಗಿ ಆಗಲೇ ಕೋಣೆಯ ಬಾಗಿಲಿಗೆ ಹೋಗಿ, ಹೊಸದಾಗಿ ಹೊಡೆದ ಹಲಗೆಯ ಮೇಲೆ ಕೈಯಾಡಿಸುತ್ತಿದ್ದಳು. ಒಳಗಿನವರು ಅವಳಿಗೆ ಜಾಗ ಬಿಡಲು ಸರಿಯಬೇಕಾಗಿರಲಿಲ್ಲ. ಖಾಲಿ ಬೆಂಚಿನ ತುದಿಗೆ ಹೋಗಿ ಕೂತಳು.

ನಾನು ಹಣ ಎಣಿಸಿ ತೆಗೆದುಕೊಂಡು ರಶೀದಿ ಬರೆದೆ. ಅವಳು ಅದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ, ಮಡಿಸಿ, ಸೆರಗಿಗೆ ಗಂಟು ಹಾಕಿಕೊಂಡಳು. ಊರು ಎಂಬ ಜಾಗದಲ್ಲಿ ಅವಳು ಹೇಳಿದಂತೆಯೇ ಕುಣಿಗಲ್ ಎಂದು ಬರೆದಿದ್ದೆ. ಆಮೇಲೆ ಅವಳು ಮಳೆಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಗೇಟು ದಾಟಿ, ಎದುರು ಸಾಲಿನ ಕೊನೆಯ ಮನೆಯ ಬೀಗ ತೆಗೆದು ಒಳಗೆ ಹೋದಳು.